ಉದ್ದದ ಜಾಗ, ಎತ್ತರದ ಜಾಗ: ಕುಟುಂಬಕ್ಕೆ ಸ್ಟೇಷನ್ ವ್ಯಾಗನ್ನೋ, ಮಿನಿವ್ಯಾನೋ?

ಕುಟುಂಬಕ್ಕೆ ದೊಡ್ಡ ಕಾರು ಬೇಕೆಂದು ಹೊರಟವರ ಕಣ್ಣು ಮೊದಲು ಬೀಳುವುದು ಲೀಟರ್ ಲೆಕ್ಕದ ಮೇಲೆ. ಡಿಕ್ಕಿ ಎಷ್ಟು ಲೀಟರ್, ಸೀಟು ಮಡಚಿದರೆ ಎಷ್ಟು ಲೀಟರ್. ಈ ಪಂದ್ಯದಲ್ಲಿ ಮಿನಿವ್ಯಾನ್ ಎದುರು ಸ್ಟೇಷನ್ ವ್ಯಾಗನ್ ನಿಲ್ಲುವುದೇ ಇಲ್ಲ. ಹಾಗಿದ್ದೂ ವ್ಯಾಗನ್ ಬಿಟ್ಟು ಬೇರೇನನ್ನೂ ಮುಟ್ಟದ ಜನ ಇದ್ದಾರೆ. ಅವರೇನು ಲೆಕ್ಕ ಬಾರದವರಲ್ಲ. ಜಾಗ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ಆಕಾರದಲ್ಲಿದೆ, ಯಾವ ಬಾಗಿಲಿನಿಂದ ಕೈಗೆಟುಕುತ್ತದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅವರು ನೋಡಿರುತ್ತಾರೆ. ದಿನಬಳಕೆಯಲ್ಲಿ ಎದುರಾಗುವುದು ಈ ಮೂರೇ.

ವ್ಯಾಗನ್ ಅಂದರೆ ಸೂರನ್ನು ಹಿಂದಿನವರೆಗೂ ಎಳೆದ ಸೆಡಾನ್. ಅದೇ ನೆಲ, ಅದೇ ಎಂಜಿನ್, ಅದೇ ಮುಂಭಾಗ, ಹೆಚ್ಚುಕಡಿಮೆ ಅದೇ ಎತ್ತರ. ಹಿಂದಿನ ಗಾಜು ಇಳಿಜಾರಾಗುವ ಬದಲು ಸೂರು ನೇರ ಹೋಗಿ ಕೊನೆಯಲ್ಲಿ ಮೇಲಕ್ಕೆತ್ತುವ ಒಂದು ಬಾಗಿಲಾಗುತ್ತದೆ. ಮಿನಿವ್ಯಾನ್ ಹಾಗಲ್ಲ, ಅದನ್ನು ಒಳಗಿನಿಂದ ಹೊರಕ್ಕೆ ಯೋಚಿಸಿ ಮಾಡಿರುತ್ತಾರೆ. ಎಂಜಿನ್ ಅಡ್ಡಲಾಗಿ ಮುಂದೆ, ಮೂತಿ ಚಿಕ್ಕದು, ನೆಲ ತಗ್ಗು, ಸೂರು ಎತ್ತರ, ಮೂರು ಸಾಲು ಸೀಟು, ಪಕ್ಕಕ್ಕೆ ಜಾರುವ ಬಾಗಿಲು. ಒಂದು ಮಲಗಿಸಿದ ಸಂದೂಕ, ಇನ್ನೊಂದು ನಿಲ್ಲಿಸಿದ ಬೀರು. ಸಂದೂಕದಲ್ಲಿ ಉದ್ದನೆಯದು ಹಿಡಿಯುತ್ತದೆ, ಬೀರುವಿನಲ್ಲಿ ಎತ್ತರದ್ದು.

ಲೀಟರ್ ಲೆಕ್ಕದಲ್ಲೂ ಒಂದು ಮರ್ಮವಿದೆ. ಯುರೋಪಿನ ವ್ಯಾಗನ್‌ಗಳ ಡಿಕ್ಕಿಯನ್ನು ಅಳೆಯುವುದು ತಲಾ ಒಂದು ಲೀಟರ್ ಗಾತ್ರದ, 200×100×50 ಮಿಲಿಮೀಟರ್‌ನ ಗಟ್ಟಿ ತುಂಡುಗಳನ್ನು ಜೋಡಿಸಿ. ತುಂಡು ಹಿಡಿಸದ ಮೂಲೆ ಲೆಕ್ಕಕ್ಕಿಲ್ಲ. ಸೀಟು ಎತ್ತಿರುವಾಗಿನ ಅಳತೆ ಸಾಮಾನು ಮುಚ್ಚುವ ಪರದೆಯವರೆಗೆ ಮಾತ್ರ, ಅದರ ಮೇಲಿನ ಸೂರಿನವರೆಗಿನ ಜಾಗ ಸೇರುವುದಿಲ್ಲ. ಅಮೆರಿಕದ ಮಿನಿವ್ಯಾನ್‌ಗಳ ಅಂಕಿ ಘನ ಅಡಿಯಲ್ಲಿರುತ್ತದೆ, ಸೂರಿನವರೆಗಿನದ್ದನ್ನೂ ಸೇರಿಸಿಕೊಳ್ಳುತ್ತದೆ. ಸ್ಕೋಡಾ ಸೂಪರ್ಬ್ ವ್ಯಾಗನ್‌ನ ಮೂರನೇ ತಲೆಮಾರಿಗೆ 660 ಲೀಟರ್, ಸೀಟು ಮಡಚಿದರೆ 1,950. ಕ್ರೈಸ್ಲರ್ ಪೆಸಿಫಿಕಾದಲ್ಲಿ ಮೂರನೇ ಸಾಲಿನ ಹಿಂದೆ 32.3 ಘನ ಅಡಿ, ಅಂದರೆ ಸುಮಾರು 915 ಲೀಟರ್, ಮುಂದಿನ ಸೀಟುಗಳ ಹಿಂದೆ ಎಲ್ಲ ಖಾಲಿ ಮಾಡಿದರೆ 140.5 ಘನ ಅಡಿ, ಸುಮಾರು 3,980 ಲೀಟರ್. ಎರಡು ಬೇರೆ ಅಳತೆಗೋಲಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವ ಹಾಗಿಲ್ಲ. ಆದರೂ ಮಿನಿವ್ಯಾನ್ ಮುಂದಿದೆ ಎಂಬುದರಲ್ಲಿ ಅನುಮಾನವಿಲ್ಲ, ಅಂತರ ಅಷ್ಟು ದೊಡ್ಡದು.

ಹೀಗೆ ಮುಂದಿರುವ ಜಾಗದ ಬಹುಪಾಲು ಇರುವುದು ತಲೆಯ ಮೇಲೆ. ಚಪ್ಪಟೆ ಸೂಟ್‌ಕೇಸು, ಮಡಚಿದ ಮಗುವಿನ ಗಾಡಿ, ಉದ್ದದ ಕಂಬ, ನಾಯಿ ಇವುಗಳಿಗೆ ಬೇಕಾದದ್ದು ನೆಲದ ವಿಸ್ತಾರ. ಸೂರಿನವರೆಗೆ ಪೇರಿಸಿದ ಸಾಮಾನು ಬ್ರೇಕ್ ಹೊಡೆದಾಗ ಮುಂದಕ್ಕೆ ಬರುತ್ತದೆ, ಹಿಂದಿನ ಗಾಜನ್ನೂ ಮುಚ್ಚುತ್ತದೆ. ಸೈಕಲ್ಲನ್ನು ಚಕ್ರ ಬಿಚ್ಚದೆ ನಿಲ್ಲಿಸಬೇಕು, ಬಟ್ಟೆ ತೊಳೆಯುವ ಯಂತ್ರವನ್ನು ನೆಟ್ಟಗೆ ಸಾಗಿಸಬೇಕು, ಗಾಲಿಕುರ್ಚಿಯಲ್ಲಿ ಕೂತವರನ್ನು ಕುರ್ಚಿ ಸಮೇತ ಕರೆದೊಯ್ಯಬೇಕು ಎಂದರೆ ಎತ್ತರ ಬೇಕೇಬೇಕು. ಗಾಲಿಕುರ್ಚಿ ಒಳಗೆ ಬರುವಂತೆ ಮಾರ್ಪಡಿಸಿದ ಕುಟುಂಬ ವಾಹನಗಳಲ್ಲಿ ಮಿನಿವ್ಯಾನ್‌ಗಳೇ ಇಷ್ಟೊಂದು ಕಾಣುವುದು ಇದರಿಂದಲೇ. ಈ ಕೆಲಸಕ್ಕೆ ವ್ಯಾಗನ್ ಲಾಯಕ್ಕಲ್ಲ.

ಎರಡೂ ಎಲ್ಲಿಂದ ಬಂದವು

ಮೊದಲ ವ್ಯಾಗನ್‌ಗಳು ರೈಲು ನಿಲ್ದಾಣದಿಂದ ಜನ, ಪೆಟ್ಟಿಗೆ ಎರಡನ್ನೂ ಸಾಗಿಸಲು ಮಾಡಿಕೊಂಡ ಮರದ ಮೈಯ ಗಾಡಿಗಳು. ಬಡಗಿಗಳು ಫೋರ್ಡ್ ಮಾಡೆಲ್ ಟಿ ಚಾಸಿಯ ಮೇಲೆ ಮರದ ಹಂದರ ಕಟ್ಟಿಕೊಡುತ್ತಿದ್ದರು. ಮರಕ್ಕೆ ಪ್ರತಿವರ್ಷ ವಾರ್ನಿಷ್ ಬೇಕು, ಮಳೆ ಬಿದ್ದರೆ ಕೀಲು ಸಡಿಲ. ಹಾಗಾಗಿ ಅದು ಮನೆಮಂದಿಯ ಕಾರಾಗಲು ಉಕ್ಕಿನ ಮೈ ಬರಬೇಕಾಯಿತು. 1946ರ ವಿಲ್ಲಿಸ್ ಜೀಪ್ ವ್ಯಾಗನ್, 1949ರ ಪ್ಲಿಮತ್ ಸಬರ್ಬನ್ ಆ ತಿರುವಿನ ಗುರುತುಗಳು. ತಮಾಷೆಯೆಂದರೆ, ಮರ ಹೋದ ಮೇಲೂ ಅಮೆರಿಕದ ಗ್ರಾಹಕರಿಗೆ ಮರದ ಮೋಹ ಹೋಗಲಿಲ್ಲ. ಫೋರ್ಡ್ ಕಂಟ್ರಿ ಸ್ಕ್ವೈರ್ ದಶಕಗಳ ಕಾಲ ಉಕ್ಕಿನ ಬಾಗಿಲ ಮೇಲೆ ಮರದ ಚಿತ್ರದ ಹಾಳೆ ಅಂಟಿಸಿಕೊಂಡೇ ಓಡಾಡಿತು.

1960, 70ರ ದಶಕಗಳ ಅಮೆರಿಕನ್ ವ್ಯಾಗನ್‌ಗಳು ಐದೂವರೆ ಮೀಟರ್ ಮೀರಿದ ಹಡಗುಗಳು. ಎಂಜಿನ್ ಉದ್ದುದ್ದ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡಕ್ಕೆ ನೆಲದ ನಡುವೆ ಉಬ್ಬು, ಹಿಂದೆ ಭಾರೀ ಆಕ್ಸಲ್. ಹೊರಗೆ ಅಷ್ಟು ಉದ್ದವಿದ್ದರೂ ಒಳಗೆ ಸಿಗುತ್ತಿದ್ದದ್ದು ಕಡಿಮೆ. ಮೂರನೇ ಸಾಲು ಬೇಕೆಂದರೆ ಡಿಕ್ಕಿಯಲ್ಲಿ ಹಿಂದಕ್ಕೆ ಮುಖಮಾಡಿದ ಸೀಟು. ಮಕ್ಕಳಿಗೆ ಅದು ಹಬ್ಬ, ಹಿಂದೆ ಬರುವ ಕಾರಿನವರಿಗೆ ಕೈಬೀಸುತ್ತಾ ಕೂರಬಹುದು. ಅಪ್ಪ ಅಮ್ಮಂದಿರಿಗೆ ಅದು ಡಿಕ್ಕಿ ನುಂಗುವ ಸೀಟು. ಯುರೋಪಿನಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರಗಳು ಬಂದವು. ಪೆಷೋ 505 ಫ್ಯಾಮಿಲಿಯಾಲ್ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಸೆಡಾನ್‌ಗಿಂತ ಹೆಚ್ಚಿಸಿಕೊಂಡು, ಎಲ್ಲರೂ ಮುಂದಕ್ಕೇ ನೋಡುವಂತೆ ಮೂರು ಸಾಲಿನಲ್ಲಿ ಎಂಟು ಜನರನ್ನು ಕೂರಿಸಿತು. ಸಿಟ್ರೋಯೆನ್ ತನ್ನ ಡಿಎಸ್ ಸರಣಿಯ ವ್ಯಾಗನ್‌ಗಳಲ್ಲಿ ಎಣ್ಣೆ ಮತ್ತು ಅನಿಲದ ಸಸ್ಪೆನ್ಷನ್ ಬಳಸಿದ್ದರಿಂದ ಎಷ್ಟೇ ತುಂಬಿದರೂ ಹಿಂಭಾಗ ಕುಸಿಯುತ್ತಿರಲಿಲ್ಲ. ವೋಲ್ವೊ 1953ರ ಡ್ಯುಯೆಟ್‌ನಿಂದ ಶುರುಮಾಡಿ, 1974ರಿಂದ 1993ರವರೆಗೆ ತಯಾರಾದ 240 ಸರಣಿಯ ಹೊತ್ತಿಗೆ ವ್ಯಾಗನ್ ಅಂದರೆ ವೋಲ್ವೊ ಎನ್ನುವಂತಾಯಿತು.

ಮಿನಿವ್ಯಾನ್‌ನ ಕಲ್ಪನೆಯೂ ಹಳೆಯದೇ. 1950ರ ಫೋಕ್ಸ್‌ವ್ಯಾಗನ್ ಟೈಪ್ 2, 1956ರ ಫಿಯಟ್ 600 ಮಲ್ಟಿಪ್ಲಾ ಎರಡೂ ಆ ದಾರಿಯವೇ. ಮಲ್ಟಿಪ್ಲಾ ಅಂತೂ 3.53 ಮೀಟರ್ ಉದ್ದದಲ್ಲಿ ಆರು ಜನರನ್ನು ಕೂರಿಸುತ್ತಿತ್ತು! ಆದರೆ ಅವೆರಡರಲ್ಲೂ ಎಂಜಿನ್ ಹಿಂದೆ, ಚಾಲಕ ಮುಂದಿನ ಆಕ್ಸಲ್ ಮೇಲೆ. ಎದುರಿನಿಂದ ಏನಾದರೂ ಗುದ್ದಿದರೆ ಮೊದಲು ಸಿಗುವುದು ಅವನ ಮೊಣಕಾಲು. ಸಾಮಾನಿನ ನೆಲವೂ ಎಂಜಿನ್ ಮೇಲೆ ಹತ್ತಿ ಕೂತಿರುತ್ತಿತ್ತು. ಬಿಕ್ಕಟ್ಟು ಬಗೆಹರಿದದ್ದು ಎಂಜಿನ್ ಅಡ್ಡಲಾಗಿ ಮುಂದೆ ಬಂದು, ಶಕ್ತಿ ಮುಂದಿನ ಚಕ್ರಗಳಿಗೇ ಹೋದಾಗ. ಆಗ ನಡುವಿನ ದಂಡ ಇಲ್ಲ, ಹಿಂದೆ ಭಾರದ ಆಕ್ಸಲ್ ಇಲ್ಲ, ನೆಲವನ್ನು ಎಷ್ಟು ಬೇಕೋ ಅಷ್ಟು ಕೆಳಗಿಳಿಸಬಹುದು. ಮಿನಿವ್ಯಾನ್‌ನ ಅಸಲಿ ಗುಟ್ಟು ಈ ತಗ್ಗಿದ ನೆಲ. ಎತ್ತರದ ಸೂರು ಕಣ್ಣಿಗೆ ಬೀಳುತ್ತದೆ ಅಷ್ಟೇ.

ಹೊಸ ಕಾರುಗಳ ಯೋಜಕ ಹ್ಯಾಲ್ ಸ್ಪರ್ಲಿಕ್ ಫೋರ್ಡ್‌ನಲ್ಲಿದ್ದಾಗ ಇಂಥ ಒಂದು ಮುಂಚಕ್ರದ ವ್ಯಾನ್ ಮಾಡೋಣವೆಂದು ಹಟ ಹಿಡಿದಿದ್ದರು. ಕಂಪನಿಯ ಮುಖ್ಯಸ್ಥ ಎರಡನೇ ಹೆನ್ರಿ ಫೋರ್ಡ್ ಒಪ್ಪಲಿಲ್ಲ, ಸ್ಪರ್ಲಿಕ್ ಕೆಲಸವೂ ಹೋಯಿತು. ಅವರು ಕ್ರೈಸ್ಲರ್ ಸೇರಿದರು. 1978ರಲ್ಲಿ ಫೋರ್ಡ್‌ನ ಅಧ್ಯಕ್ಷ ಹುದ್ದೆಯಿಂದ ಹೊರಬಿದ್ದ ಲೀ ಐಯಕೋಕಾ ಕೂಡ ಅಲ್ಲಿಗೇ ಬಂದರು. ಸರ್ಕಾರ ಸಾಲಕ್ಕೆ ಜಾಮೀನು ನಿಂತಿದ್ದರಿಂದ ಉಸಿರಾಡುತ್ತಿದ್ದ ಕಂಪನಿಯಲ್ಲಿ ಇಬ್ಬರೂ ಸೇರಿ ಅದೇ ಕಲ್ಪನೆಗೆ ಜೀವ ಕೊಟ್ಟರು. ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ 1983ರ ನವೆಂಬರ್ 2ರಂದು ಮೊದಲ ಗಾಡಿ ಹೊರಬಂತು. 1984ರ ಮಾದರಿಗಳಾಗಿ ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಮಾರುಕಟ್ಟೆಗೆ ಬಂದವು. ಉದ್ದ ಸುಮಾರು 4.47 ಮೀಟರ್, ದೊಡ್ಡ ವ್ಯಾಗನ್‌ಗಿಂತ ಒಂದು ಮೀಟರ್ ಕಡಿಮೆ. ಎತ್ತರ ಮನೆಯ ಗ್ಯಾರೇಜು ಬಾಗಿಲಿನೊಳಗೆ ನುಗ್ಗುವಷ್ಟು. ಓಡಿಸಿದರೆ ಕಾರಿನಂತೆ. ಇದಕ್ಕೆ ಪೈಪೋಟಿಯಾಗಿ ಫೋರ್ಡ್ ಏರೋಸ್ಟಾರನ್ನೂ ಜನರಲ್ ಮೋಟರ್ಸ್ ಆಸ್ಟ್ರೊವನ್ನೂ ತಂದವು. ಎರಡಕ್ಕೂ ಹಿಂದಿನ ಚಕ್ರಗಳ ಚಾಲನೆ, ಟ್ರಕ್ಕಿನ ಗುಣ. ಹಾಗಾಗಿ ಕ್ರೈಸ್ಲರ್ ಹತ್ತಿರಕ್ಕೂ ಬರಲಿಲ್ಲ.

ಅಟ್ಲಾಂಟಿಕ್‌ನ ಈಚೆ ದಡದಲ್ಲಿ ರೆನೋ ಎಸ್ಪಾಸ್ 1984ರಲ್ಲೇ ಬಂತು. ಅದನ್ನು ರೂಪಿಸಿದ್ದು ಮಾತ್ರಾ ಎಂಬ ಸಂಸ್ಥೆ. ಸತು ಲೇಪಿಸಿದ ಉಕ್ಕಿನ ಹಂದರಕ್ಕೆ ಪ್ಲಾಸ್ಟಿಕ್ ಬೆರೆಸಿದ ಹೊರಹಲಗೆ. ಮೊದಲ ತಿಂಗಳು ಮಾರಾಟವಾದದ್ದು ಒಂಬತ್ತೇ ಗಾಡಿ. ಇದೇನೆಂದು ಜನಕ್ಕೆ ಅರ್ಥವಾಗಲು ಸಮಯ ಬೇಕಾಯಿತು. 1996ರಲ್ಲಿ ಬಂದ ರೆನೋ ಸೆನಿಕ್ ಇದೇ ಯೋಚನೆಯನ್ನು ಚಿಕ್ಕ ಕಾರಿಗೆ ಇಳಿಸಿತು. ಜಪಾನಿನಲ್ಲಿ ಸಣ್ಣ ಕಾರುಗಳ ನೋಂದಣಿ ವರ್ಗದ ಮಿತಿ 4.7 ಮೀಟರ್ ಉದ್ದ, 1.7 ಮೀಟರ್ ಅಗಲ. ಅದರೊಳಗೇ ಟೊಯೋಟಾ ನೋವಾ, ನಿಸ್ಸಾನ್ ಸೆರೆನಾದಂಥ ಕಿರಿದಾದ, ಎತ್ತರದ ಡಬ್ಬಿಗಳು ಹುಟ್ಟಿದವು. ಮಿನಿವ್ಯಾನ್ ಎಂದರೆ ಐದು ಮೀಟರಿನ ಗಾಡಿಯೇ ಆಗಬೇಕಿಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ಕಾನೂನಿನ ಕೈವಾಡ

ಅಮೆರಿಕದಲ್ಲಿ ವ್ಯಾಗನ್ ಸತ್ತದ್ದು ಮಿನಿವ್ಯಾನ್ ಚೆನ್ನಾಗಿದ್ದದ್ದರಿಂದ ಮಾತ್ರವಲ್ಲ. ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಬಂದ ಕಾನೂನು ಪ್ರತಿ ಕಂಪನಿಯ ಎಲ್ಲ ಕಾರುಗಳ ಸರಾಸರಿ ಮೈಲೇಜಿಗೆ ಒಂದು ಗೆರೆ ಎಳೆಯಿತು. 1978ರ ಮಾದರಿಗಳಿಗೆ ಗ್ಯಾಲನ್‌ಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಟ್ರಕ್ಕುಗಳಿಗೆ ಗೆರೆ ಸಡಿಲ, 1990ರ ದಶಕದುದ್ದಕ್ಕೂ ಗ್ಯಾಲನ್‌ಗೆ 20 ಮೈಲಿಯ ಆಸುಪಾಸು. ವ್ಯಾಗನ್ ಎಷ್ಟು ದೊಡ್ಡದಿದ್ದರೂ ಕಾನೂನಿನ ಕಣ್ಣಲ್ಲಿ ಕಾರು. ಸೀಟು ಕಳಚಿ ನೆಲವನ್ನು ಸಪಾಟು ಮಾಡಲು ಬರುವ ಮಿನಿವ್ಯಾನ್ ಹಗುರ ಟ್ರಕ್. ವಿ8 ಎಂಜಿನ್ನಿನ ಒಂದು ವ್ಯಾಗನ್ ಮಾರಿದರೆ ಕಂಪನಿಯ ಕಾರುಗಳ ಸರಾಸರಿ ಕೆಡುತ್ತದೆ. ಅದೇ ಕುಟುಂಬಕ್ಕೆ ಮಿನಿವ್ಯಾನ್ ಮಾರಿದರೆ ಕೆಡುವುದಿಲ್ಲ. ಯಾವುದನ್ನು ಮಾರಲು ಕಂಪನಿಗೆ ಉತ್ಸಾಹ ಹೆಚ್ಚು ಎಂದು ಬಿಡಿಸಿ ಹೇಳಬೇಕಿಲ್ಲ. ಕೊನೆಯ ದೈತ್ಯ ವ್ಯಾಗನ್‌ಗಳಾದ ಬ್ಯೂಕ್ ರೋಡ್‌ಮಾಸ್ಟರ್, ಶೆವ್ರೊಲೆ ಕ್ಯಾಪ್ರಿಸ್ 1996ರಲ್ಲಿ ನಿಂತವು.

ಅದೇ ಸಡಿಲ ಗೆರೆಯನ್ನು ಎಸ್‌ಯುವಿಗಳು ಇನ್ನೂ ಚೆನ್ನಾಗಿ ಬಳಸಿಕೊಂಡವು. ಸುಬಾರು ತನ್ನ ಔಟ್‌ಬ್ಯಾಕ್ ವ್ಯಾಗನ್ನನ್ನು 2005ರ ಮಾದರಿಗೆ ತುಸು ಎತ್ತರಿಸಿ ಹಗುರ ಟ್ರಕ್ ವರ್ಗಕ್ಕೆ ಸೇರಿಸಿದ್ದು ಈ ಕಥೆಯ ಅತಿ ವಿಚಿತ್ರ ಪುಟ. ಆ ದಶಕಗಳಲ್ಲಿ ಇಂಥ ಗೆರೆ ಇಲ್ಲದ, ಇಂಧನಕ್ಕೇ ಹೆಚ್ಚು ತೆರಿಗೆ ಹಾಕುವ ಯುರೋಪಿನಲ್ಲಿ ವ್ಯಾಗನ್ ಉಳಿದುಕೊಂಡಿತು.

ಬಾಗಿಲು, ಮೂರನೇ ಸಾಲು, ತೂಕ

ಕುಟುಂಬದ ಕಾರಿನಲ್ಲಿ ಬೆನ್ನು ಮುರಿಯುವ ಕೆಲಸ ಡಿಕ್ಕಿ ತುಂಬುವುದಲ್ಲ, ಮಗುವನ್ನು ಕೂರಿಸುವುದು. ಹತ್ತು ಕೆ.ಜಿ. ದಾಟಿದ, ನಿದ್ದೆ ಹೋದ ಮಗುವನ್ನು ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ತಲೆ ತಾಗದಂತೆ ಒಳಗೆ ತೂರಿಸಿ, ಬೆಲ್ಟ್ ಹಾಕಬೇಕು. ವ್ಯಾಗನ್‌ನ ಸೂರು ಒಂದೂವರೆ ಮೀಟರಿಗೂ ಕಡಿಮೆ. ಬಗ್ಗಲೇಬೇಕು. ಪಕ್ಕದಲ್ಲಿ ಒತ್ತಾಗಿ ಇನ್ನೊಂದು ಕಾರು ನಿಂತಿದ್ದರೆ ಬಾಗಿಲು ಅರ್ಧವೇ ತೆರೆಯುತ್ತದೆ, ಉಳಿದರ್ಧದಲ್ಲಿ ನೀವೂ ಮಗುವೂ. ಮಿನಿವ್ಯಾನ್‌ನ ಬಾಗಿಲು ಹಿಂದಕ್ಕೆ ಜಾರುವುದರಿಂದ ಪಕ್ಕದ ಕಾರಿಗೆ ಗೀರುವುದಿಲ್ಲ, ತೆರಪು ಪೂರ್ತಿ ಸಿಗುತ್ತದೆ, ತಗ್ಗಿದ ನೆಲದ ಮೇಲೆ ಕಾಲಿಟ್ಟು ನೀವೇ ಒಳಗೆ ಹೋಗಿ ನಿಲ್ಲಬಹುದು. ಮಕ್ಕಳು ಚಿಕ್ಕವರಿರುವ ನಾಲ್ಕೈದು ವರ್ಷ ಈ ಒಂದು ಬಾಗಿಲಿಗೆ ಸಮನಾದ ಸೌಲಭ್ಯ ಬೇರೆ ಯಾವ ಕಾರಿನಲ್ಲೂ ಇಲ್ಲವೆಂದು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ. ಮಂಡಿನೋವಿನ ಹಿರಿಯರಿಗೂ ಅಷ್ಟೇ. ವ್ಯಾಗನ್‌ನ ಸೀಟಿಗೆ ಕುಸಿದು ಕೂರಬೇಕು, ಎತ್ತರದ ಎಸ್‌ಯುವಿಗೆ ಹತ್ತಬೇಕು. ಮಿನಿವ್ಯಾನ್‌ನ ಸೀಟು ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕಿರುತ್ತದೆ, ಪಕ್ಕಕ್ಕೆ ಸರಿದರೆ ಆಯಿತು.

ಈ ಬಾಗಿಲಿಗೆ ಬೆಲೆಯೂ ಇದೆ. ಹಳಿ, ಉರುಳೆ, ಮೋಟರು, ಕೇಬಲ್ಲು, ಜೊತೆಗೆ ಅಷ್ಟು ದೊಡ್ಡ ತೆರಪಿದ್ದರೂ ಮೈ ತಿರುಚದಂತೆ ಗಟ್ಟಿಗೊಳಿಸುವ ಹೆಚ್ಚುವರಿ ಉಕ್ಕು. ಸೂಪರ್ಬ್‌ನಂಥ ವ್ಯಾಗನ್‌ಗಿಂತ ಪೆಸಿಫಿಕಾ ಮುನ್ನೂರು ನಾನೂರು ಕೆ.ಜಿ. ಭಾರವಿರುವುದಕ್ಕೆ ಇದೂ ಒಂದು ಕಾರಣ. ಹಳೆಯ ಮಿನಿವ್ಯಾನ್ ಕೊಳ್ಳುವವರು ಎಂಜಿನ್ ನೋಡುವ ಮೊದಲು ಜಾರುಬಾಗಿಲನ್ನು ಹತ್ತಾರು ಸಲ ತೆರೆದು ಮುಚ್ಚಿ ನೋಡುವುದು ಒಳ್ಳೆಯದು.

ಮೂರನೇ ಸಾಲಿನ ವಿಷಯಕ್ಕೆ ಬಂದರೆ ಸ್ಪರ್ಧೆಯೇ ಇಲ್ಲ. ಮಿನಿವ್ಯಾನ್‌ನ ಹಿಂಭಾಗದಲ್ಲಿ ನೆಲಕ್ಕೆ ಒಂದು ಆಳದ ಗುಂಡಿ ಇರುತ್ತದೆ. ಸೀಟು ಎತ್ತಿದಾಗ ಆ ಗುಂಡಿಯೇ ಡಿಕ್ಕಿ, ಸೂಟ್‌ಕೇಸುಗಳು ನೆಟ್ಟಗೆ ನಿಲ್ಲುತ್ತವೆ. ಸೀಟು ಬೇಡವಾದರೆ ಅದು ಹಿಂದಕ್ಕೆ ಮಗುಚಿ ಅದೇ ಗುಂಡಿಯಲ್ಲಿ ಮಲಗುತ್ತದೆ. ಇದನ್ನು ಜನಪ್ರಿಯಗೊಳಿಸಿದ್ದು 1990ರ ದಶಕದ ಹೋಂಡಾ ಒಡಿಸ್ಸಿ. ಕ್ರೈಸ್ಲರ್ 2005ರ ಮಾದರಿಗಳಲ್ಲಿ ಎರಡನೇ ಸಾಲನ್ನೂ ನೆಲದೊಳಗೆ ಮಡಚಿಸಿತು. ಮಡಚಬೇಕಾದ್ದರಿಂದ ಆ ಸೀಟಿನ ಮೆತ್ತೆ ತೆಳ್ಳಗಾಯಿತು ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ಗುಂಡಿಗೆ ಜಾಗ ಕೊಟ್ಟ ಮೇಲೆ ಸ್ಟೆಪ್ನಿಗೆ ಜಾಗ ಉಳಿಯುವುದಿಲ್ಲ. ಹಲವು ಮಿನಿವ್ಯಾನ್‌ಗಳಲ್ಲಿ ಅದು ಎಲ್ಲೋ ಮೂಲೆಯಲ್ಲಿ ಅಡಗಿರುತ್ತದೆ ಅಥವಾ ಇರುವುದೇ ಇಲ್ಲ. ಎಲ್ಲ ಮಿನಿವ್ಯಾನ್‌ಗಳಲ್ಲೂ ಎರಡನೇ ಸಾಲು ಮಾಯವಾಗುತ್ತದೆಂದು ನಂಬಿ ಮೋಸಹೋಗಬೇಡಿ. 2021ರ ಟೊಯೋಟಾ ಸಿಯೆನ್ನಾದಲ್ಲಿ ಸೀಟಿನೊಳಗೇ ಏರ್‌ಬ್ಯಾಗ್ ಇಟ್ಟಿರುವುದರಿಂದ ಅದನ್ನು ಕಳಚುವಂತಿಲ್ಲ.

ಈಗ ಹೆಚ್ಚಿನವರು ಗಮನಿಸದ ಅಂಕಿಗೆ ಬರೋಣ. ಪ್ರತಿ ವಾಹನಕ್ಕೂ ಜನ ಮತ್ತು ಸಾಮಾನು ಸೇರಿ ಇಷ್ಟೇ ತೂಕ ಎಂಬ ಮಿತಿ ಇರುತ್ತದೆ. ಏಳು ಸೀಟಿನ ಮಿನಿವ್ಯಾನ್‌ಗಳಲ್ಲಿ ಇದು ಸಾಮಾನ್ಯವಾಗಿ 550ರಿಂದ 650 ಕೆ.ಜಿ.ಯ ಆಸುಪಾಸು. ತಲಾ 70 ಕೆ.ಜಿ.ಯಂತೆ ಏಳು ದೊಡ್ಡವರು ಕೂತರೆ 490 ಕೆ.ಜಿ. ಅಲ್ಲಿಗೇ ಮುಗಿಯಿತು. ಉಳಿದ 60–160 ಕೆ.ಜಿ.ಯಲ್ಲಿ ಏಳು ಜನರ ಗಂಟುಮೂಟೆ ಹಿಡಿಯಬೇಕು, ಸೂರಿನ ಮೇಲಿನ ಪೆಟ್ಟಿಗೆಯೂ ಇದರಲ್ಲೇ ಸೇರಬೇಕು. ಅಂದರೆ ಜಾಗ ಮುಗಿಯುವ ಮೊದಲೇ ತೂಕ ಮುಗಿಯುತ್ತದೆ. ಅಮೆರಿಕದ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುವ ಮಿತಿಯಲ್ಲಿ ಚಾಲಕನೂ ಸೇರಿದ್ದಾನೆ. ಯುರೋಪಿನ ಲೆಕ್ಕದಲ್ಲಿ 75 ಕೆ.ಜಿ.ಯ ಚಾಲಕನನ್ನು ವಾಹನದ ತೂಕಕ್ಕೇ ಸೇರಿಸಿಬಿಟ್ಟಿರುತ್ತಾರೆ. ಹೋಲಿಸುವಾಗ ಈ ವ್ಯತ್ಯಾಸ ನೆನಪಿರಲಿ. ವ್ಯಾಗನ್‌ಗಳಲ್ಲಿ ಐದೇ ಜನ ಕೂರುವುದರಿಂದ ತಲೆಗೆ ಸಿಗುವ ಸಾಮಾನಿನ ಪಾಲು ಹಲವು ಸಲ ಹೆಚ್ಚೇ ಇರುತ್ತದೆ. ಆದರೆ ಭಾರವೆಲ್ಲ ಹಿಂದಿನ ಆಕ್ಸಲ್‌ನ ಮೇಲೂ ಅದರ ಆಚೆಗೂ ಬೀಳುತ್ತದೆ. ಹಿಂಭಾಗ ಕುಸಿದು ಮುಂದಿನ ದೀಪಗಳು ಆಕಾಶ ನೋಡುವುದು ಅದಕ್ಕೇ. ದುಬಾರಿ ವ್ಯಾಗನ್‌ಗಳು ಹಿಂದೆ ಮಾತ್ರ ಗಾಳಿಯ ಸಸ್ಪೆನ್ಷನ್ ಇಟ್ಟುಕೊಳ್ಳುವುದೂ ಇದಕ್ಕೇ.

ಗಾಳಿ ಮತ್ತು ಗುರುತ್ವ

ಹೆದ್ದಾರಿಯಲ್ಲಿ ಲೆಕ್ಕ ತಿರುಗುತ್ತದೆ. ಗಾಳಿಯ ತಡೆಯನ್ನು ನಿರ್ಧರಿಸುವುದು ಎರಡು ಸಂಗತಿ: ಆಕಾರ ಎಷ್ಟು ನಯ, ಎದುರಿನಿಂದ ನೋಡಿದರೆ ಎಷ್ಟು ದೊಡ್ಡದು. ಆಕಾರದ ಗುಣಾಂಕದಲ್ಲಿ ಇಂದಿನ ಮಿನಿವ್ಯಾನ್‌ಗಳು ಏನೂ ಕಡಿಮೆಯಿಲ್ಲ, ಪೆಸಿಫಿಕಾಗೆ 0.30. ಒಳ್ಳೆಯ ವ್ಯಾಗನ್‌ಗೆ 0.28 ಎಂದಿಟ್ಟುಕೊಳ್ಳಿ. ಆದರೆ ಎದುರಿನ ವಿಸ್ತೀರ್ಣ ವ್ಯಾಗನ್‌ಗೆ ಸುಮಾರು 2.3 ಚದರ ಮೀಟರ್, ಎರಡು ಮೀಟರ್ ಅಗಲ, 1.78 ಮೀಟರ್ ಎತ್ತರದ ಮಿನಿವ್ಯಾನ್‌ಗೆ ಸುಮಾರು 3. ಗುಣಿಸಿದರೆ 0.65ರ ಎದುರು 0.9. ಅದೇ ವೇಗದಲ್ಲಿ ಗಾಳಿಯನ್ನು ಸೀಳಲು ಮಿನಿವ್ಯಾನ್‌ಗೆ ಶೇಕಡಾ 40ರಷ್ಟು ಹೆಚ್ಚು ಬಲ ಬೇಕು. ವೇಗ ಹೆಚ್ಚಿದಂತೆ ಈ ಬಲ ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ ದೂರದ ಹೆದ್ದಾರಿ ಪಯಣವೇ ಹೆಚ್ಚಾದವರಿಗೆ ವ್ಯಾಗನ್ ಉಳಿತಾಯದ ಗಾಡಿ. ಊರೊಳಗೆ ನಿಂತು ಹೊರಡುವ ಓಡಾಟದಲ್ಲಿ ಗಾಳಿಗಿಂತ ತೂಕದ್ದೇ ಕಾಟ. ಆ ನಷ್ಟವನ್ನು ಹೈಬ್ರಿಡ್ ವ್ಯವಸ್ಥೆ ಬ್ರೇಕ್ ಹಾಕುವಾಗ ಮರಳಿ ಪಡೆಯುತ್ತದೆ. 2021ರಿಂದ ಹೈಬ್ರಿಡ್ ಆಗಿಯೇ ಬರುತ್ತಿರುವ ಸಿಯೆನ್ನಾಗೆ ಅಮೆರಿಕದ ಅಧಿಕೃತ ಪರೀಕ್ಷೆಯಲ್ಲಿ ಗ್ಯಾಲನ್‌ಗೆ 36 ಮೈಲಿ, ಲೀಟರಿಗೆ ಸುಮಾರು 15 ಕಿ.ಮೀ. ಬಂದದ್ದು ಹೀಗೆ. ಬರಿಯ ಪೆಟ್ರೋಲ್ ವ್ಯಾಗನ್‌ಗಳಲ್ಲಿ ಎಷ್ಟೋ ಇದನ್ನು ಮುಟ್ಟುವುದಿಲ್ಲ.

ತಿರುವುಗಳಲ್ಲಿ ವ್ಯಾಗನ್ ಸೆಡಾನೇ. 1994ರಲ್ಲಿ ವೋಲ್ವೊ ಬ್ರಿಟಿಷ್ ರೇಸ್ ಸರಣಿಗೆ 850 ವ್ಯಾಗನ್ನನ್ನೇ ಇಳಿಸಿತ್ತು, ಅದೇ ವರ್ಷ ಪೋರ್ಷೆ ಜೊತೆಗೂಡಿ ಆಡಿ ಆರ್‌ಎಸ್2 ವ್ಯಾಗನ್ ತಂದಿತು. ವಾಹನ ಮಗುಚುವ ಅಪಾಯವನ್ನು ಅಂದಾಜಿಸಲು ಒಂದು ಸರಳ ಸೂತ್ರವಿದೆ: ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಕಾರುಗಳಿಗೆ ಇದು ಸಾಮಾನ್ಯವಾಗಿ 1.3ರಿಂದ 1.5, ಎಸ್‌ಯುವಿ ಮತ್ತು ಪಿಕಪ್‌ಗಳಿಗೆ 1.0ರಿಂದ 1.3. ಅಂಕಿ ದೊಡ್ಡದಾದಷ್ಟೂ ಮಗುಚುವ ಅಪಾಯ ಕಡಿಮೆ. ಮಿನಿವ್ಯಾನ್ ಎತ್ತರವಿದ್ದರೂ ಚಕ್ರಗಳು ದೂರ, ನೆಲ ತಗ್ಗು. ಹಾಗಾಗಿ ಅದು ಕಾರುಗಳ ಕಡೆಗೇ ವಾಲುತ್ತದೆ.

ಸುರಕ್ಷತೆಯಲ್ಲಿ ಎರಡಕ್ಕೂ ಒಂದೊಂದು ದುರ್ಬಲ ಜಾಗ. ವ್ಯಾಗನ್‌ನಲ್ಲಿ ಸಾಮಾನಿಗೂ ಜನರಿಗೂ ನಡುವೆ ಸೆಡಾನ್‌ನಂತೆ ಗೋಡೆ ಇಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತರೆ ಕಟ್ಟದ ಸಾಮಾನಿನ ಮೇಲೆ ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೀಳುತ್ತದೆ. ಹತ್ತು ಕೆ.ಜಿ. ಪೆಟ್ಟಿಗೆ ಇನ್ನೂರು ಕೆ.ಜಿ.ಯಂತೆ ಬಂದು ಗುದ್ದುತ್ತದೆ. ಹಿಂದಿನ ಸೀಟಿನ ಮೇಲೆ ಎಳೆಯುವ ಬಲೆ ಅಲಂಕಾರಕ್ಕಲ್ಲ. ಮಿನಿವ್ಯಾನ್‌ನಲ್ಲಿ ಚಿಂತೆ ಹಿಂದೆ ಕೂತವರದ್ದು. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಹಿಂದಿನ ಸೀಟಿನಲ್ಲೂ ಗೊಂಬೆ ಕೂರಿಸಿ ಅಪಘಾತ ಪರೀಕ್ಷೆ ಶುರುಮಾಡಿದ ಮೇಲೆ, 2023ರಲ್ಲಿ ಪರೀಕ್ಷಿಸಿದ ನಾಲ್ಕು ಮಿನಿವ್ಯಾನ್‌ಗಳಲ್ಲಿ ಒಂದಕ್ಕೂ ಉತ್ತಮ ದರ್ಜೆ ಸಿಗಲಿಲ್ಲ. ಮಕ್ಕಳನ್ನು ಹಿಂದೆ ಕೂರಿಸಲೆಂದೇ ಇರುವ ಗಾಡಿಗಳಿಗೆ ಇದು ನಾಚಿಕೆಗೇಡು.

ಇನ್ನು ಚಿಲ್ಲರೆ ಸಂಗತಿಗಳು. ಎರಡಕ್ಕೂ ಹಿಂದಿನ ಗಾಜಿಗೆ ವೈಪರ್ ಬೇಕು, ಏಕೆಂದರೆ ಕತ್ತರಿಸಿದಂತಿರುವ ಹಿಂಭಾಗದಲ್ಲಿ ಗಾಳಿ ಸುಳಿಯಾಗಿ ರಸ್ತೆಯ ಕೆಸರನ್ನು ಗಾಜಿಗೇ ಎರಚುತ್ತದೆ. ಡಿಕ್ಕಿ ಬೇರೆ ಕೋಣೆಯಲ್ಲದ ಕಾರಣ ಹಿಂದಿನ ಚಕ್ರಗಳ ಸದ್ದು ಎರಡರಲ್ಲೂ ಹೆಚ್ಚು ಕೇಳುತ್ತದೆ. ವ್ಯಾಗನ್‌ನ ಸೂರಿಗೆ ಸೈಕಲ್ ಏರಿಸುವುದು ಸುಲಭ. ಮಿನಿವ್ಯಾನ್‌ನ ಸೂರಿಗೆ ಏರಿಸಲು ಏಣಿ ಬೇಕು, ಮೇಲೆ ಪೆಟ್ಟಿಗೆ ಇಟ್ಟರೆ ಎಷ್ಟೋ ಬಹುಮಹಡಿ ಪಾರ್ಕಿಂಗ್‌ಗಳ ಎರಡು ಮೀಟರಿನ ಅಡ್ಡಪಟ್ಟಿ ತಲೆಗೆ ಬಡಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ವಾರದಲ್ಲಿ ಎರಡು ಮೂರು ದಿನವಾದರೂ ಆರನೆಯವರು ಕೂರುತ್ತಾರೆ, ಅಥವಾ ಮಗುವಿನ ಸೀಟು ಎರಡಕ್ಕಿಂತ ಹೆಚ್ಚಿವೆ, ಅಥವಾ ಮನೆಯಲ್ಲಿ ಮಂಡಿ ಬಗ್ಗದ ಹಿರಿಯರಿದ್ದಾರೆ ಎಂದರೆ ಮಿನಿವ್ಯಾನ್, ಎರಡನೇ ಮಾತಿಲ್ಲ. ಇರುವುದು ನಾಲ್ಕು ಜನ, ಮಕ್ಕಳು ತಾವೇ ಬೆಲ್ಟ್ ಹಾಕಿಕೊಳ್ಳುತ್ತಾರೆ, ದಾರಿ ಉದ್ದ, ಸಾಮಾನು ಬಹಳ ಎಂದರೆ ವ್ಯಾಗನ್. ವರ್ಷಕ್ಕೆರಡು ಸಲ ಬರುವ ನೆಂಟರಿಗಾಗಿ ಮೂರನೇ ಸಾಲು ಹೊತ್ತು ತಿರುಗುವುದು ಮಾತ್ರ ನನಗೆ ಸರಿಕಾಣುವುದಿಲ್ಲ. ಇವೆರಡನ್ನೂ ಬಿಟ್ಟು ಜನ ಕೊಳ್ಳುತ್ತಿರುವ ಮೂರು ಸಾಲಿನ ಎಸ್‌ಯುವಿ ಈ ಎರಡೂ ಕೆಲಸಗಳಲ್ಲಿ ಹಿಂದೆ. ಸಾಮಾನು ಏರಿಸುವ ಅಂಚು ವ್ಯಾಗನ್‌ನಲ್ಲಿ 60–65 ಸೆಂ.ಮೀ., ಎಸ್‌ಯುವಿಯಲ್ಲಿ 75 ದಾಟುವುದು ಅಪರೂಪವಲ್ಲ. ಮೂರನೇ ಸಾಲು ಎತ್ತಿದರೆ ಅದರ ಡಿಕ್ಕಿ ಹೆಸರಿಗಷ್ಟೇ. ಆದರೂ ಗೆದ್ದದ್ದು ಅದೇ. ವ್ಯಾಗನ್‌ನಲ್ಲಿ ಬೆಳೆದವರಿಗೆ ಅದು ಅಪ್ಪನ ಕಾರು, ಮಿನಿವ್ಯಾನ್‌ನಲ್ಲಿ ಬೆಳೆದವರಿಗೆ ಅಮ್ಮನ ಕಾರು. ಎಸ್‌ಯುವಿಗೆ ಆ ಹಣೆಪಟ್ಟಿ ಇನ್ನೂ ಬಿದ್ದಿಲ್ಲ. ಎಸ್ಪಾಸ್ ಎಂಬ ಹೆಸರೇ 2023ರಿಂದ ಒಂದು ಎಸ್‌ಯುವಿಯ ಮೇಲೆ ಕೂತಿದೆ.

ವಿದ್ಯುತ್ ಕಾರುಗಳು ಈ ಲೆಕ್ಕವನ್ನು ಮತ್ತೆ ಕಲಕಿವೆ. ಬ್ಯಾಟರಿಯ ಹಲಗೆ ನೆಲದಡಿಯಲ್ಲಿ ಹತ್ತು ಹದಿನೈದು ಸೆಂ.ಮೀ. ತಿನ್ನುತ್ತದೆ. ಮಿನಿವ್ಯಾನ್‌ನ ಬಲವಿದ್ದದ್ದೇ ಅಲ್ಲಿ. ಪೆಸಿಫಿಕಾದ ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಮಾದರಿಯಲ್ಲಿ ಎರಡನೇ ಸಾಲು ಮಡಚಿ ಮಲಗುತ್ತಿದ್ದ ಗುಂಡಿಗೇ ಬ್ಯಾಟರಿ ಬಂದು, ಆ ಸೌಲಭ್ಯ ಹೋಯಿತು. ಫೋಕ್ಸ್‌ವ್ಯಾಗನ್ ಐಡಿ ಬಜ್‌ನ ಉದ್ದ ಮಾದರಿಯಲ್ಲಿ ಮೂರನೇ ಸಾಲನ್ನು ಮಡಚಬಹುದು, ಹೊರಗೆ ತೆಗೆಯಬಹುದು, ನೆಲದೊಳಗೆ ಮುಳುಗಿಸಲಾಗದು. ತಗ್ಗಿದ ಸೂರಿನ ಕಾರುಗಳಿಗೂ ಇದೇ ಪಾಡು. ಪೋರ್ಷೆ ಟೈಕಾನ್‌ನಲ್ಲಿ ಹಿಂದೆ ಕೂತವರ ಪಾದಕ್ಕೆಂದೇ ಬ್ಯಾಟರಿಯಲ್ಲಿ ಹಳ್ಳ ಬಿಟ್ಟಿದ್ದಾರೆ. ಅಂಥ ಹಳ್ಳವಿಲ್ಲದ ವಿದ್ಯುತ್ ಗಾಡಿಯನ್ನು ನೋಡಲು ಹೋದಾಗ ಚಾಲಕನ ಸೀಟಿಗಿಂತ ಮೊದಲು ಕಟ್ಟಕಡೆಯ ಸಾಲಿನಲ್ಲಿ ಕೂತು, ತೊಡೆ ಮೆತ್ತೆಗೆ ತಾಗಿದೆಯೋ, ಮೊಣಕಾಲು ಎದೆಯತ್ತ ಎದ್ದು ನಿಂತಿದೆಯೋ ನೋಡಿ.